ಮಿರಗ ಮಳೆಗೆ ಮೊದಲೇ ಮಾಳಿಗೆ ಹತ್ತಿ ನೋಡಿ

ರೋಹಿಣಿ ಮಳೆ ಮುಗಿದು ಮಿರಗ, ಅಂದರೆ ಮೃಗಶಿರಾ ಮಳೆ, ಹತ್ತುವುದರೊಳಗೆ ಒಮ್ಮೆ ಮಾಳಿಗೆ ಹತ್ತಿ ನೋಡಿ. ಮೇಲ್ಮುದ್ದೆ ಮನೆ, ಅಂದರೆ ಮಣ್ಣಿನ ಮಾಳಿಗೆಯ ಮನೆ ಇರುವವರಿಗೆ ಇದಕ್ಕಿಂತ ದೊಡ್ಡ ಕೆಲಸ ಬೇರೆ ಇಲ್ಲ. ರೋಣ, ನರಗುಂದ, ನವಲಗುಂದದ ಕಡೆ ಈಗಲೂ ಎಷ್ಟೋ ಮನೆಗಳು ಮಣ್ಣಿನವೇ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆದರೆ ವರ್ಷಕ್ಕೊಮ್ಮೆ ಕೈ ಆಡಿಸದಿದ್ದರೆ ಅವು ಉಳಿಯುವುದಿಲ್ಲ. ನಾನು ಸೊಸೆಯಾಗಿ ಬಂದದ್ದು ರೋಣ ತಾಲ್ಲೂಕಿನ ಅಂಥದ್ದೇ ಒಂದು ಮನೆಗೆ. ಈಗ ಮಗನ ಜೊತೆ ಧಾರವಾಡದಲ್ಲಿದ್ದೇನೆ. ಆದರೂ ಮೇ ತಿಂಗಳ ಕೊನೆಗೆ ಊರಿಗೆ ಫೋನ್ ಮಾಡಿ, "ಮಾಳಿಗಿ ಮ್ಯಾಲೆ ಹೋಗಿದ್ರೇನು?" ಎಂದು ಕೇಳದೆ ಬಿಡುವುದಿಲ್ಲ.

ಮಾಳಿಗೆಯ ಮೇಲೆ ನೋಡಬೇಕಾದದ್ದು ಏನು? ಮೊದಲು ಹುಲ್ಲು, ಕಸ. ಮೇಲಿಂದ ಕತ್ತರಿಸಿದರೆ ಸಾಲದು, ಬೇರು ಸಮೇತ ತೆಗೆಯಬೇಕು. ಒಣಗಿದ ಬೇರಿನ ಜಾಡು ಹಿಡಿದೇ ನೀರು ಒಳಗೆ ಇಳಿಯುವುದು. ಇಲಿ, ಇರುವೆ ಮಾಡಿದ ತೂತಿದ್ದರೆ ಹದವಾದ ಮಣ್ಣು ತುಂಬಿ ಬಡಿಯಿರಿ. ಆಮೇಲೆ ಸವುಳು ಮಣ್ಣು, ಅಂದರೆ ಉಪ್ಪಿನಂಶದ ಮಣ್ಣು. ಹಿರಿಯರು ಅದನ್ನೇ ಹುಡುಕಿ ತರುತ್ತಿದ್ದರು, ಸುಮ್ನೆ ಅಲ್ಲ. ಆ ಮಣ್ಣು ನೀರು ಬಿದ್ದೊಡನೆ ಕರಗಿ, ಸಣ್ಣ ಸಣ್ಣ ಸಂದುಗಳನ್ನು ಮುಚ್ಚಿಬಿಡುತ್ತದೆ. ಕೆಳಗೆ ನೀರು ಇಳಿಯಲು ದಾರಿಯೇ ಇರುವುದಿಲ್ಲ.

ಆದರೆ ಇಲ್ಲಿ ಬಹಳ ಜನ ಮರೆಯುವ ಮಾತೊಂದಿದೆ. ಪ್ರತಿ ವರ್ಷ ಹೊಸ ಮಣ್ಣು ಹಾಕುತ್ತಾರೆ, ಹಳೆಯದನ್ನು ತೆಗೆಯುವುದಿಲ್ಲ. ವರ್ಷ ಕಳೆದಂತೆ ಮಾಳಿಗೆಯ ಭಾರ ಏರುತ್ತದೆ. ಜಂತಿ ಬಾಗುತ್ತದೆ. ಅದರ ಮೇಲೆ ಮೂರು ದಿನ ಮಳೆ ಬಿದ್ದು ಮಣ್ಣು ನೀರು ಕುಡಿದರೆ ತೊಲೆ ತಡೆದೀತೇ? ಹಳೆಯ ಪದರ ಕೆರೆದು ತೆಗೆದ ಮೇಲೆಯೇ ಹೊಸದು ಹಾಕಿ. ನೀರು ಹೋಗುವ ದೋಣಿಯ ಕಡೆ ಇಳಿಜಾರು ಇರಲಿ. ತೊಲೆಯ ತುದಿ ಗೋಡೆಯೊಳಗೆ ಕೂರುವ ಜಾಗವನ್ನು ಚಾಕುವಿನ ಮೊನೆಯಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಒಳಗೆ ಹೋದರೆ ಗೆದ್ದಲು ಹತ್ತಿದೆ ಎಂದೇ ತಿಳಿಯಿರಿ. ಬಡಿಗೇರರನ್ನು ಆಗಲೇ ಕರೆಸಬೇಕು, ಮಳೆ ಹಿಡಿದ ಮೇಲೆ ಅವರೂ ಸಿಗುವುದಿಲ್ಲ.

ಈಚೆಗೆ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾಯಿ (ಗಾರೆ) ಮಾಡಿಸುವ ಹುಚ್ಚು ಜಾಸ್ತಿಯಾಗಿದೆ. ನನಗೆ ಅದು ಸರಿ ಕಾಣುವುದಿಲ್ಲ. ಹೊರಗೆ ಚಂದ ಕಾಣುತ್ತದೆ, ನಿಜ. ಆದರೆ ಸಿಮೆಂಟು ಎಲ್ಲೋ ಒಂದು ಕಡೆ ಸೀಳುತ್ತದೆ. ಆ ಸೀಳಿನಲ್ಲಿ ಹೋದ ನೀರು ಹೊರಗೆ ಬರಲು ದಾರಿ ಇಲ್ಲದೆ ಒಳಗೇ ಉಳಿಯುತ್ತದೆ. ಗೋಡೆ ಒಳಗಿಂದ ನೆನೆಯುತ್ತಿರುವುದು ನಮಗೆ ಗೊತ್ತೇ ಆಗುವುದಿಲ್ಲ. ಮಣ್ಣಿಗೆ ಮಣ್ಣಿನ ಗಿಲಾಯಿಯೇ ಇರಲಿ. ಮಾಳಿಗೆಯ ನೀರು ಬೀಳುವ ಕಡೆ ನೆಲಕ್ಕೆ ಒಂದು ಪರಸಿ ಕಲ್ಲು ಹಾಕಿ. ಇಲ್ಲದಿದ್ದರೆ ಸಿಡಿದ ನೀರು ಗೋಡೆಯ ಬುಡವನ್ನೇ ತಿನ್ನುತ್ತದೆ. ಬಚ್ಚಲ ನೀರೂ ಗೋಡೆಗೆ ತಾಗಿ ಹರಿಯಬಾರದು.

ಜೋರು ಮಳೆಗೆ ಜನ ಹೆದರುತ್ತಾರೆ. ನಾನು ಹೆದರುವುದು ಜಿಟಿಜಿಟಿ ಮಳೆಗೆ. ಜೋರು ಮಳೆ ಬಂದು ಹರಿದು ಹೋಗುತ್ತದೆ. ಹಗಲು ರಾತ್ರಿ ಬಿಡದೆ ಜಿನುಗುವ ಮಳೆ ಗೋಡೆಯೊಳಗೆ ಇಳಿಯುತ್ತದೆ. ಗೋಡೆ ಹೊಟ್ಟೆ ಬಂದಿದೆಯೇ ಎಂದು ನೋಡಲು ದಾರಕ್ಕೆ ಕಲ್ಲು ಕಟ್ಟಿ ಮೇಲಿಂದ ಇಳಿಬಿಡಿ, ಸಾಕು. ನಿನ್ನೆವರೆಗೆ ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಬಿಗಿಯಾದರೆ, ರಾತ್ರಿ ಮಣ್ಣು ಉದುರುವ ಸದ್ದು ಕೇಳಿದರೆ, ಅಂದು ಆ ಮನೆಯಲ್ಲಿ ಮಲಗಬೇಡಿ. ಶಾಲೆಯೋ ಸಮುದಾಯ ಭವನವೋ ನೆಂಟರ ಆರ್‌ಸಿಸಿ ಮನೆಯೋ, ಎಲ್ಲಾದರೂ ಹೋಗಿ. ಮಳೆ ನಿಂತಿತು, ಬಿಸಿಲು ಬಿತ್ತು ಎಂದು ಕೂಡಲೇ ವಾಪಸ್ ಬರಬೇಡಿ. ನೆನೆದ ಗೋಡೆ ಮಳೆ ನಿಂತ ಮೇಲೂ ಬೀಳುತ್ತದೆ. ಮಳೆಗಾಲ ಪೂರ್ತಿ ತೊಟ್ಟಿಲು, ಮುದುಕರ ಹಾಸಿಗೆ ಹೊರಗೋಡೆಗೆ ತಾಗಿ ಇರುವುದು ಬೇಡ.

ಇನ್ನು ನೀರು ಊರಿಗೆ ಬರುವ ಮಾತು. ನಮ್ಮ ಕಡೆ ಎರಡು ಥರದ ನೀರು ಬರುತ್ತದೆ, ಎರಡರ ಗುಣವೂ ಬೇರೆ. ಮಲಪ್ರಭೆ ಹೇಳಿ ಬರುತ್ತಾಳೆ. ಅವಳು ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಮಳೆ ಹೊಡೆದರೆ ಸವದತ್ತಿ ಹತ್ತಿರದ ನವಿಲುತೀರ್ಥ ಆಣೆಕಟ್ಟು ತುಂಬುತ್ತದೆ. ಅದರ ಪೂರ್ತಿ ಮಟ್ಟ 2079.50 ಅಡಿ. ಮಟ್ಟ ಅದರ ಹತ್ತಿರ ಬಂದಿದೆ, ಖಾನಾಪುರದಲ್ಲಿ ಮಳೆ ನಿಂತಿಲ್ಲ ಎಂದರೆ ಕೆಳಗೆ ನೀರು ಬಿಡಲೇಬೇಕು. ಆಗ ರೋಣದಲ್ಲಿ ಬಿಸಿಲಿದ್ದರೂ ಹೊಳೆದಂಡೆಯವರು ಗಂಟು ಕಟ್ಟಬೇಕು. 2019ರ ಆಗಸ್ಟ್‌ನಲ್ಲಿ ಆದದ್ದು ಹೀಗೆಯೇ. ಕೊಣ್ಣೂರು ಮುಳುಗಿತು, ಹೊಳೆಆಲೂರು ಮುಳುಗಿತು. ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯ ಮೇಲೆಯೇ ನೀರು ಹರಿಯಿತು. ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ಬೆಳಿಗ್ಗೆ ಪೇಪರ್ ತೆರೆದರೆ ಬಂಗಾರದ ರೇಟಿಗಿಂತ ಮೊದಲು ಆಣೆಕಟ್ಟಿನ ಮಟ್ಟ ನೋಡಿ. ಹಾವೇರಿ ಕಡೆಯವರು ವರದಾ, ತುಂಗಭದ್ರೆಗೂ ಇದೇ ಲೆಕ್ಕ ಇಟ್ಟುಕೊಳ್ಳಬೇಕು. ಅವುಗಳ ನೀರೂ ಮಲೆನಾಡಿನದೇ.

ಬೆಣ್ಣಿಹಳ್ಳ ಹಾಗಲ್ಲ. ಅದು ಹೇಳದೆ ಬರುತ್ತದೆ. ಶಿಗ್ಗಾವಿ ತಾಲ್ಲೂಕಿನ ದುಂಡಸಿ ಕಡೆ ಹುಟ್ಟಿ, ಹುಬ್ಬಳ್ಳಿ, ಕುಂದಗೋಳ, ನವಲಗುಂದದ ಎರೆ (ಕಪ್ಪು ಮಣ್ಣಿನ) ಹೊಲಗಳ ನಡುವೆ ಹರಿದು ಮಲಪ್ರಭೆ ಸೇರುತ್ತದೆ. ಮೇಲೆ ನೀರು ತಡೆದು ಲೆಕ್ಕ ಹೇಳುವ ದೊಡ್ಡ ಆಣೆಕಟ್ಟು ಅದಕ್ಕಿಲ್ಲ. ಎರೆಭೂಮಿ ಮೊದಲ ಮಳೆಗಳನ್ನೆಲ್ಲ ತನ್ನ ಬಿರುಕುಗಳಲ್ಲಿ ಕುಡಿಯುತ್ತದೆ. ಒಮ್ಮೆ ಹೊಟ್ಟೆ ತುಂಬಿತೆಂದರೆ ಆಮೇಲೆ ಬಿದ್ದದ್ದೆಲ್ಲ ಹಳ್ಳಕ್ಕೇ. ಮಧ್ಯಾಹ್ನ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದ ಹಳ್ಳ ಸಂಜೆಗೆ ಸೇತುವೆ ಕಾಣದಂತೆ ಹರಿಯುತ್ತದೆ. ತುಪ್ಪರಿಹಳ್ಳವೂ ಇಂಥದ್ದೇ. ಹೊಲಕ್ಕೆ ಹೋದವರು ಆಚೆ ದಂಡೆಯಲ್ಲಿ ಸಿಕ್ಕಿಕೊಂಡರೆ ಅಲ್ಲಿಯೇ ಎತ್ತರದ ಜಾಗದಲ್ಲಿ ಕೂತು ರಾತ್ರಿ ಕಳೆಯಲಿ. ಒಂದು ರಾತ್ರಿ ಉಪವಾಸ ಇದ್ದರೆ ಯಾರೂ ಸಾಯುವುದಿಲ್ಲ. ಮೊಬೈಲಿದ್ದರೆ 112ಕ್ಕೆ ಹೇಳಲಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077. ಹರಿಯುವ ನೀರು ಒಂದು ಅಡಿ ಇದ್ದರೆ ಸಣ್ಣ ಕಾರು ತೇಲುತ್ತದೆ, ಎರಡು ಅಡಿಗೆ ದೊಡ್ಡ ಗಾಡಿಯೂ ಹೋಗುತ್ತದೆ. "ಟ್ರ್ಯಾಕ್ಟರ್ ಐತಲ್ಲ" ಎನ್ನುವ ಧೈರ್ಯ ಬೇಡವೇ ಬೇಡ. ನೀರಿನ ಕೆಳಗೆ ರಸ್ತೆ ಉಳಿದಿದೆ ಎಂದು ಯಾರಿಗೆ ಗೊತ್ತು?

ಅಕ್ಕನ ಮೊಮ್ಮಗ ಅಮೆರಿಕದ ಫ್ಲೋರಿಡಾದಲ್ಲಿದ್ದಾನೆ. ಅಲ್ಲಿ ಜೂನ್‌ನಿಂದ ನವೆಂಬರ್ ಕೊನೆಯವರೆಗೆ ಹರಿಕೇನ್ ಕಾಲ. ಗಾಳಿ ಗಂಟೆಗೆ 119 ಕಿಲೋಮೀಟರ್ ದಾಟಿದರೆ ಅದಕ್ಕೆ ಹರಿಕೇನ್ ಎನ್ನುತ್ತಾರೆ. ಕಿಟಕಿಗೆ ಪ್ಲೈವುಡ್ ಹಲಗೆ ಬಡಿಯುತ್ತಾರೆ, ಸ್ನಾನದ ತೊಟ್ಟಿಯಲ್ಲಿ ಬಳಕೆಗೆ ನೀರು ತುಂಬಿಡುತ್ತಾರೆ, ಕಾರಿಗೆ ಪೆಟ್ರೋಲ್ ತುಂಬಿಸುತ್ತಾರೆ. ಅವನು ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ನನಗೆ ನಗು ಬಂತು. ನೀರು ತುಂಬಿಡುವುದನ್ನು ಹುಬ್ಬಳ್ಳಿ-ಧಾರವಾಡದವರಿಗೆ ಯಾರಾದರೂ ಕಲಿಸಬೇಕೇ? ನಳ ಬರುವ ದಿನ ಲೋಟವನ್ನೂ ಬಿಡದೆ ತುಂಬುವ ಜನ ನಾವು. ಆದರೆ ಅವರಿಂದ ಕಲಿಯಬೇಕಾದದ್ದು ಒಂದಿದೆ. ಯಾವ ಬಡಾವಣೆ ಮೊದಲು ಖಾಲಿಯಾಗಬೇಕು, ಮನೆಯವರು ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಂಡಿರುತ್ತಾರೆ. ನಮ್ಮಲ್ಲಿ ನೀರು ಕಟ್ಟೆಗೆ ಬಂದ ಮೇಲೆ "ಎಲ್ಲಿಗೆ ಹೋಗೂದು?" ಎಂಬ ಚರ್ಚೆ ಶುರುವಾಗುತ್ತದೆ. ಅಜ್ಜ ಬರುವುದಿಲ್ಲ ಎನ್ನುತ್ತಾನೆ, ಸೊಸೆ ಎಮ್ಮೆ ಬಿಟ್ಟು ಬರುವುದಿಲ್ಲ ಎನ್ನುತ್ತಾಳೆ. ಈ ಜಗಳ ಮೇ ತಿಂಗಳಲ್ಲೇ ಮುಗಿಸಿ. ಯಾರು ಅಜ್ಜನ ಕೈ ಹಿಡಿಯಬೇಕು, ಯಾರು ದನ ಹೊಡೆದುಕೊಂಡು ಹೋಗಬೇಕು, ಎಲ್ಲರೂ ಸೇರುವ ಗುಡಿ ಯಾವುದು, ಎಲ್ಲ ಮಾತಾಡಿಟ್ಟುಕೊಳ್ಳಿ. ದನ ಹೊಡೆದುಕೊಂಡು ಹೋಗಲು ಆಗದಿದ್ದರೆ ಕಣ್ಣಿ ಬಿಚ್ಚಿಬಿಡಿ. ಕಟ್ಟಿದ ದನ ನಿಂತಲ್ಲೇ ಸಾಯುತ್ತದೆ, ಬಿಟ್ಟದ್ದು ಈಜಿ ದಡ ಸೇರಬಹುದು. ಮಳೆಗಾಲಕ್ಕೆ ಮೊದಲು ಅವುಗಳಿಗೆ ಗಂಟಲುಬೇನೆಯ ಲಸಿಕೆಯೂ ಆಗಿರಲಿ.

ಒಂದು ಚೀಲ ಯಾವಾಗಲೂ ತಯಾರಿರಬೇಕು. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಹೊಲದ ಉತಾರ (ಪಹಣಿ), ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ. ಮೊಬೈಲಿನಲ್ಲಿ ಫೋಟೋ ತೆಗೆದು ದೂರದ ಊರಿನಲ್ಲಿರುವ ಮಗಳಿಗೋ ಮಗನಿಗೋ ಕಳಿಸಿಡಿ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ಹತ್ತು ದಿನಕ್ಕಾಗುವಷ್ಟು ಇರಲಿ. ಟಾರ್ಚು, ಪವರ್ ಬ್ಯಾಂಕ್, ಸ್ವಲ್ಪ ಚಿಲ್ಲರೆ ಹಣ. ಕರೆಂಟೂ ನೆಟ್‌ವರ್ಕೂ ಹೋದ ಮೇಲೆ ಫೋನ್‌ಪೇ ನಡೆಯುವುದಿಲ್ಲ.

ತಿನ್ನುವುದಕ್ಕೆ ನಮ್ಮ ಅಡುಗೆಮನೆಗಿಂತ ಒಳ್ಳೆಯ ಅಂಗಡಿ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅವಲಕ್ಕಿ, ಪುಠಾಣಿ, ಬೆಲ್ಲ. ಒಲೆ ಹೊತ್ತಿಸದೆ ನಾಲ್ಕಾರು ದಿನ ಕಳೆಯಬಹುದು. ಆದರೆ ಮಳೆಗಾಲದಲ್ಲಿ ರೊಟ್ಟಿಯನ್ನು ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಇಟ್ಟರೆ ಥಂಡಿ ಹಿಡಿದು ಮೆತ್ತಗಾಗುತ್ತದೆ, ಆಮೇಲೆ ಬೂಸಲು. ಎರಡೂ ಕಡೆ ಚೆನ್ನಾಗಿ ಒಣಗಿಸಿ, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಬಿಸಿ ಇರುವಾಗ ಮುಚ್ಚಿದರೆ ಅದರ ಹಬೆಯೇ ಅದನ್ನು ಕೆಡಿಸುತ್ತದೆ. ಚಟ್ನಿಗೆ ಹಸಿ ಬೆಳ್ಳುಳ್ಳಿ ಹಾಕುವ ಬದಲು ಹುರಿದು ಹಾಕಿ, ಜಾಸ್ತಿ ದಿನ ಬಾಳುತ್ತದೆ. ಒದ್ದೆ ಚಮಚ ಮಾತ್ರ ಹಾಕಬೇಡಿ.

ಕರೆಂಟಿನ ವಿಷಯದಲ್ಲಿ ಒಂದೇ ಒಂದು ಮಾತು ಕೇಳಿದರೂ ಸಾಕು. ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟಬೇಡಿ, ನೈಲಾನ್ ಹಗ್ಗ ಕಟ್ಟಿ. ಎಲ್ಲೋ ಸಿಪ್ಪೆ ಸುಲಿದ ವೈರು ಆ ತಂತಿಗೆ ತಾಗಿರುತ್ತದೆ, ಒದ್ದೆ ಕೈಯಲ್ಲಿ ಸೀರೆ ತೆಗೆಯಲು ಹೋದವರ ಜೀವ ಹೋಗುತ್ತದೆ. ಮಳೆಗಾಲದಲ್ಲಿ ಇಂಥ ಸುದ್ದಿ ಬರುತ್ತಲೇ ಇರುತ್ತದೆ. ಮನೆಯೊಳಗೆ ನೀರು ಬರುವ ಲಕ್ಷಣ ಕಂಡರೆ ಮೇನ್ ಸ್ವಿಚ್ ಆರಿಸಿ. ನೀರು ಬಂದೇಬಿಟ್ಟಿದ್ದರೆ ಅದರಲ್ಲಿ ನಿಂತು ಸ್ವಿಚ್ ಮುಟ್ಟಬೇಡಿ, 1912ಕ್ಕೆ ಫೋನ್ ಮಾಡಿ ಲೈನೇ ತೆಗೆಸಿ. ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ ಕಂಬಕ್ಕೆ ಕಟ್ಟಿ, ಅದೂ ತೇಲುತ್ತದೆ.

ಸಿಡಿಲಿನ ಕಾಲ ಇದಕ್ಕೂ ಮೊದಲು, ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲಿ. ಮಿಂಚು ಕಂಡ ಮೇಲೆ ಎಣಿಸಿ. ಮೂರು ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ಒಂದು ಕಿಲೋಮೀಟರಿನಲ್ಲಿದೆ. ಮೂವತ್ತರೊಳಗೆ ಗುಡುಗಿದರೂ ಹೊಲ ಬಿಟ್ಟು ಒಳಗೆ ಸೇರಬೇಕು. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಗೆ ಬರಬಾರದು. ಬೇವಿನ ಮರ ಎಷ್ಟೇ ಪವಿತ್ರವಾಗಿರಲಿ, ಸಿಡಿಲಿಗೆ ಅದು ಎತ್ತರದ ಮರ ಅಷ್ಟೇ. ದಾಮಿನಿ ಎಂಬ ಆ್ಯಪ್ ಇದೆ, ಪುಣೆಯ ಹವಾಮಾನ ಸಂಸ್ಥೆಯವರದು. ಕುರಿ ಕಾಯುವ ಹುಡುಗರ ಮೊಬೈಲಿಗೆ ಹಾಕಿಕೊಡಿ. ಅದೇ ಅಡ್ಡಮಳೆಯ ಗಾಳಿಗೆ ತಗಡು ಹಾರುತ್ತದೆ. ತಗಡಿನ ಮೇಲೆ ಕಲ್ಲು ಹೇರುವುದು ನಮ್ಮ ಕಡೆ ರೂಢಿ. ಗಾಳಿ ತಗಡನ್ನು ಎತ್ತಿದರೆ ಮೊದಲು ಬೀಳುವುದು ಆ ಕಲ್ಲೇ, ಅದೂ ಒಳಗೆ ಮಲಗಿದವರ ಮೇಲೆ. ಕೊಕ್ಕೆ ಬೋಲ್ಟು ಹಾಕಿಸಿ ಪೈಪಿಗೆ ಬಿಗಿಸಿ.

ನಮ್ಮದು ಸಮುದ್ರದಿಂದ ದೂರದ ಊರು, ಚಂಡಮಾರುತ ನಮಗೇನು ಮಾಡೀತು ಎನ್ನುವವರಿದ್ದಾರೆ. ಗಾಳಿ ಬರಲಿಕ್ಕಿಲ್ಲ, ಮಳೆ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಹಸ್ತ ಮಳೆ ನೆನಪಿದೆಯಲ್ಲ? ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಸುರಿದ ಮಳೆ ಅದು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಜಾಸ್ತಿ ಜನ ಸತ್ತರು. ಆದ್ದರಿಂದ ದೀಪಾವಳಿ ಬಂತು, ಮಳೆಗಾಲ ಮುಗಿಯಿತು ಎಂದು ತಾಡಪತ್ರಿ ಮಡಿಚಿ ಅಟ್ಟಕ್ಕೆ ಹಾಕಬೇಡಿ. ಡಿಸೆಂಬರ್‌ವರೆಗೂ ಕೊಲ್ಲಿಯಲ್ಲಿ ಚಂಡಮಾರುತ ಏಳುತ್ತವೆ. ಆ ಹೊತ್ತಿಗೆ ಕಣದಲ್ಲಿ ಗೋವಿನಜೋಳ ಇರುತ್ತದೆ, ಬ್ಯಾಡಗಿ ಮೆಣಸಿನಕಾಯಿ ಒಣಗುತ್ತಿರುತ್ತದೆ. ಒಂದು ರಾತ್ರಿ ನೆನೆದರೆ ಕಾಯಿಯ ಬಣ್ಣ ಹೋಯಿತು, ರೇಟೂ ಹೋಯಿತು. ಬೆಳೆ ವಿಮೆ ಮಾಡಿಸಿದವರು ಹೊಲದಲ್ಲಿ ನೀರು ನಿಂತು ಬೆಳೆ ಹಾಳಾದರೆ 72 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕು.

ನೀರು ಇಳಿದ ಮೇಲೆ ಮನೆಗೆ ಹೋಗುವಾಗ ಹಗಲಿನಲ್ಲೇ ಹೋಗಿ, ಕೈಯಲ್ಲಿ ಕೋಲಿರಲಿ. ಹಾವುಗಳೂ ನಮ್ಮ ಹಾಗೆ ಒಣ ಜಾಗ ಹುಡುಕಿ ಬಂದಿರುತ್ತವೆ. ಹಾಸಿಗೆ ಸುರುಳಿ, ಒಲೆಯ ಮೂಲೆ, ಕಟ್ಟಿಗೆ ರಾಶಿ ಮೊದಲು ತಟ್ಟಿ ನೋಡಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ, 108 ಕರೆದು ದವಾಖಾನೆಗೆ ಸಾಗಿಸಿ. ಹಳೆಯ ಹಗೇವು, ಅಂದರೆ ನೆಲದೊಳಗಿನ ಕಾಳಿನ ಕಣಜ ಇರುವ ಮನೆಯವರು ಅದರ ಬಾಯಿ ತೆರೆದಿಡಿ. ಕೆಟ್ಟ ಗಾಳಿ ಹೋಗುವವರೆಗೆ ಒಳಗೆ ಇಳಿಯಬೇಡಿ. ಬಾವಿ, ಬೋರಿನ ನೀರನ್ನು ಕುದಿಸಿ ಆರಿಸಿಯೇ ಕುಡಿಯಿರಿ. ಭೇದಿ ಹತ್ತಿದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಕಲಸಿ ಕೊಡುತ್ತಾ ಇರಿ. ಚಮಚ ಮಟ್ಟವಾಗಿರಲಿ, ಉಪ್ಪು ಜಾಸ್ತಿಯಾದರೆ ಮಕ್ಕಳಿಗೆ ಅಪಾಯ.

ಬಿದ್ದ ಗೋಡೆಯ ಮಣ್ಣನ್ನು ಆ ದಿನವೇ ಎತ್ತಿ ಹಾಕುವ ಅವಸರ ಬೇಡ. ಮನೆ ಸ್ವಚ್ಛ ಮಾಡುವ ಹೆಂಗಸರ ಕೈ ಸುಮ್ಮನಿರುವುದಿಲ್ಲ, ನನಗೂ ಗೊತ್ತು. ಆದರೆ ಪಂಚನಾಮೆಗೆ ಬಂದವರಿಗೆ ಹಾನಿ ಕಣ್ಣಿಗೆ ಕಾಣಬೇಕು. ಎಷ್ಟು ಭಾಗ ಬಿದ್ದಿದೆ ಎಂಬುದರ ಮೇಲೆ ಎ, ಬಿ, ಸಿ ಎಂದು ವರ್ಗ ಮಾಡುತ್ತಾರೆ, ಪರಿಹಾರವೂ ಅದರ ಮೇಲೆಯೇ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಸ್ವಲ್ಪ ಹಾನಿಯಾದದ್ದಕ್ಕೆ 50 ಸಾವಿರ ಎಂದು ಮಾಡಿದ್ದರು. ವರ್ಗ ಕೆಳಗೆ ಬಿದ್ದರೆ ಎಷ್ಟು ವ್ಯತ್ಯಾಸ ನೋಡಿ. ಹೊರಗಿನಿಂದ, ಒಳಗಿನಿಂದ, ನಾಲ್ಕೂ ಮೂಲೆಯಿಂದ ಫೋಟೋ ತೆಗೆಯಿರಿ. ಒಂದು ಫೋಟೋದಲ್ಲಾದರೂ ಮನೆ ನಂಬರು ಕಾಣಲಿ. ಮಳೆಗಾಲಕ್ಕೆ ಮೊದಲು ಗಟ್ಟಿಯಾಗಿ ನಿಂತಿದ್ದ ಮನೆಯ ಫೋಟೋ ಇದ್ದರೆ ಅದನ್ನೂ ಜೊತೆಗಿಡಿ. ಗ್ರಾಮ ಆಡಳಿತ ಅಧಿಕಾರಿ ಬಂದಾಗ ಮನೆಯವರು ಯಾರಾದರೂ ಅಲ್ಲಿರಬೇಕು. ಅವರು ಬರೆದುಕೊಂಡದ್ದನ್ನು ಓದಿಸಿ ಕೇಳಿ, ಆಮೇಲೆ ಸಹಿ ಮಾಡಿ. ಅರ್ಜಿ ಕೊಟ್ಟರೆ ಅದರ ಇನ್ನೊಂದು ಪ್ರತಿಯ ಮೇಲೆ ತಾರೀಖು ಹಾಕಿಸಿ ಸಿಕ್ಕಾ (ಮೊಹರು) ಹೊಡೆಸಿಕೊಂಡೇ ಬನ್ನಿ.