“ಆ ಒಂದನ್ನ ಯಾಕೆ ಒಂದೇ ಸಲ ನುಡಿಸ್ತೀರಿ?”

ನಮ್ಮ ಬ್ಯಾಂಡಿನ ಡ್ರಮ್ಸು, ಆಂಪ್ಲಿಫೈಯರು ಎಲ್ಲ ಊರಿಂದೂರಿಗೆ ಹೋಗುತ್ತಿದ್ದದ್ದು ಒಂದು ಹಳೇ ಪಿಕಪ್‌ನಲ್ಲಿ. ಕಾಫಿ ಕೊಯ್ಲಿನ ಕಾಲದಲ್ಲಿ ಅದಕ್ಕೆ ಮೂಟೆ ಹೊರುವ ಕೆಲಸ, ಮಿಕ್ಕ ದಿನ ಸಿಕ್ಕಿದ ಬಾಡಿಗೆ. ಓಡಿಸುವ ಅಣ್ಣನಿಗೆ ನಾವು ನುಡಿಸುತ್ತಿದ್ದ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಬಗ್ಗೆ ಏನೂ ಗೊತ್ತಿರಲಿಲ್ಲ. ಆಲ್ದೂರಿನ ಹತ್ತಿರ ತೋಟದ ಗೋದಾಮಿನಲ್ಲಿ ನಾವು ಪ್ರಾಕ್ಟೀಸ್ ಮಾಡುವಾಗ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಾ ಕೇಳುತ್ತಿದ್ದ. ಬೇರೆ ದಾರಿ ಇರಲಿಲ್ಲ ಅವನಿಗೆ.

2013ರಲ್ಲಿ ಹಾಸನದ ಒಂದು ಕಾಲೇಜಿನ ಫೆಸ್ಟ್‌ನಲ್ಲಿ ನುಡಿಸಿ ವಾಪಸ್ ಬರುತ್ತಿದ್ದೆವು. ನುಡಿಸಿದ್ದು ಎರಡೇ ಹಾಡು, ಎರಡೂ 7 ನಿಮಿಷದವು. ಕೊನೆಗೆ ಚಪ್ಪಾಳೆಯೂ ಬಂತು. ಆದರೆ ಅದು ‘ಸದ್ಯ, ಮುಗೀತಲ್ಲ’ ಅನ್ನುವ ಚಪ್ಪಾಳೆ. ಬೇಲೂರಲ್ಲಿ ಟೀಗೆ ನಿಲ್ಲಿಸಿದಾಗ ಯಾರೂ ಮಾತಾಡಲಿಲ್ಲ. ಆಗ ಅಣ್ಣ ಕೇಳಿದ: “ಅಲ್ಲ ಕಣ್ರಪ್ಪಾ, ಮಧ್ಯದಲ್ಲಿ ಒಂದು ಬರುತ್ತಲ್ಲ, ಡೂಂ ಡುಡೂಂ ಟಾ ಅಂತ, ಚೆನ್ನಾಗಿರೋದು. ಅದನ್ನ ಯಾಕೆ ಒಂದೇ ಸಲ ನುಡಿಸ್ತೀರಿ?”

ನಾವು ನಕ್ಕೆವು. ಮನೆಗೆ ಬಂದು ಮಲಗಿದ ಮೇಲೆ ನಗು ಹೋಯಿತು.

ಮರುದಿನ ಒಂದು ನೋಟ್‌ಬುಕ್ ತೆಗೆದುಕೊಂಡು ಆ ಹಾಡಿನ ರಿಫ್‌ಗಳನ್ನು (ಗಿಟಾರಿನ ಸಣ್ಣ ಸಣ್ಣ ಸ್ವರಗುಚ್ಛಗಳನ್ನು) ಒಂದೊಂದಾಗಿ ಬರೆದೆ. ಒಟ್ಟು 11. ಅದರಲ್ಲಿ 7 ರಿಫ್‌ಗಳು ಒಂದು ಸಲ ಬಂದು ಹೋದರೆ ಮತ್ತೆ ತಲೆ ಹಾಕುವುದಿಲ್ಲ. ಅಣ್ಣ ಹೇಳಿದ ಆ ‘ಚೆನ್ನಾಗಿರೋದು’ 8 ಬಾರ್ ಮಾತ್ರ (ಬಾರ್ ಅಂದರೆ ನಮ್ಮ ತಾಳದ ಒಂದು ಆವರ್ತದ ಹಾಗೆ). ನಾವು ಅದನ್ನು ಹಾಡಿನ ಭಾಗ ಅಂತಲೂ ಲೆಕ್ಕ ಹಾಕಿರಲಿಲ್ಲ. ಎರಡು ಕಷ್ಟದ ರಿಫ್‌ಗಳ ನಡುವೆ ಕೈಗೆ ಸ್ವಲ್ಪ ಬಿಡುವು ಸಿಗಲಿ ಅಂತ ಹಾಕಿದ ಸೇತುವೆ ಅದು. ಅದಕ್ಕೇ ಸರಳವಾಗಿತ್ತು, ಅದಕ್ಕೇ ಅವನಿಗೆ ನೆನಪಿತ್ತು.

ಈ ಸಂಗೀತದ ಪರಿಚಯ ಇಲ್ಲದವರಿಗೆ ಎರಡು ಮಾತು. ಮೆಲೋಡಿಕ್ ಡೆತ್ ಮೆಟಲ್ ಬೆಳೆದದ್ದು 1990ರ ದಶಕದಲ್ಲಿ, ಹೆಚ್ಚಾಗಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. ಡೆತ್ ಮೆಟಲ್‌ನ ವೇಗ, ಘರ್ಜನೆ ಒಂದು ಕಡೆ. ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡಿನ ಥರ ಎರಡು ಗಿಟಾರ್ ಜೋಡಿಯಾಗಿ ನುಡಿಸುವ ಇಂಪಾದ ಎಳೆ ಇನ್ನೊಂದು ಕಡೆ. ಒಬ್ಬ ಸ ಹಿಡಿದರೆ ಇನ್ನೊಬ್ಬ ಗ ಹಿಡಿದು ಜೊತೆಗೇ ಓಡುತ್ತಾನೆ. ಅಟ್ ದ ಗೇಟ್ಸ್, ಡಾರ್ಕ್ ಟ್ರಾಂಕ್ವಿಲಿಟಿ, ಇನ್ ಫ್ಲೇಮ್ಸ್, ಈ ಮೂರೂ ಅದೇ ಊರಿನ ಬ್ಯಾಂಡುಗಳು. ಹಾಸ್ಟೆಲಿನಲ್ಲಿ ಯಾರದೋ ಹಾರ್ಡ್ ಡಿಸ್ಕ್‌ನಿಂದ ನಮಗೆ ಇಳಿದು ಬಂದದ್ದು ಇವೇ. ಇವರ ಸ್ವರಗಳನ್ನು ಕೇಳಿಸಿದಾಗ ನಮ್ಮ ಬಾಸ್ ನುಡಿಸುವವನು “ಇದು ನಟಭೈರವಿ ರಾಗ ಅಲ್ವಾ?” ಅಂದಿದ್ದ. ಹೌದು, ಇವರು ಬಳಸುವ ಪಾಶ್ಚಾತ್ಯ ಸಂಗೀತದ ನ್ಯಾಚುರಲ್ ಮೈನರ್ ಅಂದರೆ ಅವೇ ಸ್ವರಗಳು.

ನೋಟ್‌ಬುಕ್ ಆದಮೇಲೆ ನಾನು ಮಾಡಿದ ಎರಡನೇ ಕೆಲಸ ಹಾಸನದ ಕಾರ್ಯಕ್ರಮದ ಮೊಬೈಲ್ ವಿಡಿಯೋ ನೋಡಿದ್ದು. ಕೇಳಲಿಕ್ಕೆ ಆಗಲಿಲ್ಲ. ಗಿಟಾರ್ ಎಲ್ಲಿ, ಡ್ರಮ್ ಎಲ್ಲಿ, ಗೊತ್ತಾಗದ ಒಂದೇ ಗುಂಯ್ ಸದ್ದು. ಲೆಕ್ಕ ಹಾಕಿದೆ. ನಾವು ನುಡಿಸುತ್ತಿದ್ದದ್ದು ನಿಮಿಷಕ್ಕೆ 200 ಬೀಟ್. ಪ್ರತಿ ಬೀಟ್‌ಗೆ 4 ಸ್ವರ. ಸೆಕೆಂಡಿಗೆ 13 ಸ್ವರದ ಮೇಲಾಯಿತು. ಒಂದು ಸ್ವರಕ್ಕೆ ಸಿಗುವುದು 75 ಮಿಲಿಸೆಕೆಂಡ್. ಖಾಲಿ ಗೋಡೆಯ ಸಭಾಂಗಣದಲ್ಲಿ ಪ್ರತಿಧ್ವನಿ ಅದಕ್ಕಿಂತ ಎಷ್ಟೋ ಹೊತ್ತು ಉಳಿಯುತ್ತದೆ. ಅಂದರೆ ಒಂದು ಸ್ವರ ಸಾಯುವ ಮೊದಲೇ ಅದರ ಮೇಲೆ ಹತ್ತು ಸ್ವರ ಬಿದ್ದಿರುತ್ತವೆ. ಒಳ್ಳೆ ಸ್ಟುಡಿಯೋದಲ್ಲಿ ಅದು ಚೂರಿ ಹಾಗೆ ಕೇಳುತ್ತದೆ. ಶಾಮಿಯಾನದವರು ತಂದ ಸೌಂಡ್ ಸಿಸ್ಟಂನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಓಡಿದ ಹಾಗೆ ಕೇಳುತ್ತದೆ. ನಮಗೆ ಸಿಗುತ್ತಿದ್ದದ್ದು ಯಾವಾಗಲೂ ಎರಡನೆಯದೇ.

ಹಾಗಾಗಿ ವೇಗ ಇಳಿಸಿದೆವು. 200ರಿಂದ 140. ಇದನ್ನು ಹೇಳಿದ ಸಂಜೆ ನಮ್ಮ ಡ್ರಮ್ಮರ್ ಊಟ ಮಾಡದೆ ಹೋದ. ಎರಡು ವರ್ಷ ಮಂಡಿ ನೋಯಿಸಿಕೊಂಡು ಬ್ಲಾಸ್ಟ್ ಬೀಟ್ ಎಂಬ ಮಿಂಚಿನ ವೇಗದ ಬಾರಿಸುವಿಕೆ ಕಲಿತಿದ್ದ ಪಾಪ. ಈಗ “ನಿಧಾನ ಬಾರಿಸು” ಅಂದರೆ ಹೇಗಾಗಬೇಡ? ಒಂದು ವಾರ ಬಿಟ್ಟು ಬಂದವನು ತಾನೇ ಕಂಡುಹಿಡಿದದ್ದೇನು ಅಂದರೆ, ನಿಧಾನದಲ್ಲಿ ತಪ್ಪು ಮುಚ್ಚಿಡಲು ಜಾಗ ಇಲ್ಲ. 200ರಲ್ಲಿ ಕಿಕ್ (ಕಾಲಲ್ಲಿ ಬಾರಿಸುವ ಡ್ರಮ್) ಒಂಚೂರು ಹಿಂದೆ ಬಿದ್ದರೆ ದೇವರಿಗೂ ಗೊತ್ತಾಗುವುದಿಲ್ಲ. 140ರಲ್ಲಿ ಗೋದಾಮಿನ ಹೊರಗಿದ್ದ ನಾಯಿಗೂ ಗೊತ್ತಾಗುತ್ತದೆ. ಸರಳ ಅಂದರೆ ಸುಲಭ ಅಂದುಕೊಂಡಿದ್ದೆವು. ಆ ಮೂರು ತಿಂಗಳು ನಾವು ಹೊಸದೇನೂ ಬರೆಯಲಿಲ್ಲ, ಬರೀ ಒಟ್ಟಿಗೆ ನುಡಿಸಲು ಕಲಿತೆವು.

ಈ ದಾರಿ ಹಿಡಿದವರಲ್ಲಿ ನಾವೇನು ಮೊದಲಿಗರಲ್ಲ. ಅಟ್ ದ ಗೇಟ್ಸ್‌ನ 1992ರ ಮೊದಲ ಆಲ್ಬಮ್ ಕೇಳಿ, ತಿರುವಿನ ಮೇಲೆ ತಿರುವು, ನಮ್ಮ ಚಾರ್ಮಾಡಿ ಘಾಟಿಯ ಹಾಗೆ. ಆ ತಿರುವುಗಳಲ್ಲಿ ಯಾರ ಕೈಚಳಕ ಹೆಚ್ಚಿತ್ತೋ ಆ ಗಿಟಾರಿಸ್ಟ್ ಆಲ್ಫ್ ಸ್ವೆನ್ಸನ್ 1993ರಲ್ಲಿ ಬಿಟ್ಟು ಹೋದ. ಆಮೇಲೆ 1995ರ ‘ಸ್ಲಾಟರ್ ಆಫ್ ದ ಸೋಲ್’ ಬಂತು. ಪೂರ್ತಿ ಆಲ್ಬಮ್ಮೇ 34 ನಿಮಿಷ, ಹಾಡುಗಳು 3 ನಿಮಿಷದ ಆಸುಪಾಸು, ನೇರ ಹೊಡೆತ. ಇವತ್ತಿಗೂ ಜನ ಅವರನ್ನು ನೆನೆಯುವುದು ಅದರಿಂದಲೇ. ಅದನ್ನು ಯಾರೂ ದ್ರೋಹ ಅನ್ನಲಿಲ್ಲ, ಯಾಕೆಂದರೆ ಅದರಲ್ಲಿ ಸಿಟ್ಟು ಹಾಗೇ ಇತ್ತು. ಡಾರ್ಕ್ ಟ್ರಾಂಕ್ವಿಲಿಟಿ 1999ರ ‘ಪ್ರೊಜೆಕ್ಟರ್’ನಲ್ಲಿ ಘರ್ಜನೆಯ ಪಕ್ಕಕ್ಕೆ ತೆರೆದ ದನಿಯ ಹಾಡುಗಾರಿಕೆ ತಂದರು.

ಗಲಾಟೆ ಆಗಿದ್ದು ಇನ್ ಫ್ಲೇಮ್ಸ್ ವಿಷಯದಲ್ಲಿ. 2000ದ ‘ಕ್ಲೇಮನ್’ನಲ್ಲೇ ಕುಣಿಯುವಂಥ ದೊಡ್ಡ ದೊಡ್ಡ ಸರಳ ರಿಫ್‌ಗಳು ಬಂದಿದ್ದವು. 2002ರ ‘ರೀರೂಟ್ ಟು ರಿಮೇನ್’ಗೆ ಅವರು ತಮ್ಮ ಹಳೇ ಸ್ಟುಡಿಯೋ ಫ್ರೆಡ್‌ಮನ್, ಹಳೇ ನಿರ್ಮಾಪಕ ಫ್ರೆಡ್ರಿಕ್ ನಾರ್ಡ್‌ಸ್ಟ್ರಾಮ್ ಎರಡೂ ಬಿಟ್ಟು ಇನ್ನೊಬ್ಬ ನಿರ್ಮಾಪಕ ಡೇನಿಯಲ್ ಬರ್ಗ್‌ಸ್ಟ್ರಾಂಡ್ ಬಳಿ ಹೋದರು. ಜೋಡಿ ಗಿಟಾರ್ ಕಡಿಮೆಯಾಯಿತು, ಹಾಡುವ ಕೋರಸ್ ಜಾಸ್ತಿಯಾಯಿತು. ಆ ಆಲ್ಬಮ್ ಹೆಸರು ತೆಗೆದರೆ ಇವತ್ತಿಗೂ ಹಳೇ ಅಭಿಮಾನಿಗಳು ಎರಡು ಪಂಗಡ. ನಾನು ಆಗ ‘ಛೆ’ ಅನ್ನುವ ಪಂಗಡದಲ್ಲಿದ್ದೆ. ನಮ್ಮ ಬದಲಾದ ಹಾಡನ್ನು ಮೊದಲು ಕೇಳಿದ ಕಪ್ಪು ಟೀ ಶರ್ಟಿನ ಗೆಳೆಯನೊಬ್ಬ “ಓಹೋ, ನೀವೂ ಇನ್ ಫ್ಲೇಮ್ಸ್ ಆಗ್ಬಿಟ್ರಾ?” ಅಂದಾಗ ನನಗೆ ಉರಿದದ್ದು ಅದಕ್ಕೇ. ನಾನು ಬೇರೆಯವರಿಗೆ ಅಂದಿದ್ದ ಮಾತೇ ಅದು.

ಮತ್ತೆ ಹಾಡಿಗೆ ಬರುತ್ತೇನೆ. ಅಣ್ಣನ ರಿಫ್ ಅನ್ನು ಮೂರು ಸಲ ಬರುವ ಹಾಗೆ ಇಟ್ಟೆವು. 11 ರಿಫ್ 4 ಆದವು, 7 ನಿಮಿಷ 4 ಆಯಿತು. ಆಗ ಗೊತ್ತಾಯಿತು, ನಮ್ಮ ಹಾಡಿಗೆ ಚರಣಗಳಿದ್ದವು, ಪಲ್ಲವಿಯೇ ಇರಲಿಲ್ಲ. ಕನ್ನಡದಲ್ಲಿ ಭಾವಗೀತೆ ಕೇಳಿ ಬೆಳೆದವರು ನಾವು. ಪಲ್ಲವಿ ತಿರುಗಿ ಬರಬೇಕು ಅನ್ನುವುದು ಒಂದನೇ ಕ್ಲಾಸಿನ ಪಾಠ. ಗಿಟಾರ್ ಕೈಗೆ ಬಂದ ತಕ್ಷಣ ಅದನ್ನು ಮರೆತುಬಿಟ್ಟಿದ್ದೆವು.

ಪಲ್ಲವಿಯಲ್ಲಿ ಏನು ಹಾಡುವುದು ಅನ್ನುವುದಕ್ಕೆ ದಾರಿ ತೋರಿಸಿದ್ದು ವೀರಗಾಸೆ. ನಮ್ಮ ಕಡೆ ಜಾತ್ರೆಯಲ್ಲಿ ವೀರಗಾಸೆ ನೋಡದವರು ಯಾರಿದ್ದಾರೆ? ಒಬ್ಬ ಕತ್ತಿ ಹಿಡಿದು ಮುಂದೆ ಬಂದು “ಆಹಾ ರುದ್ರಾ, ಆಹಾ ದೇವಾ” ಅಂತ ಒಡಪು ಶುರು ಮಾಡುತ್ತಾನೆ. ದಕ್ಷಯಜ್ಞದ ಕಥೆ ಗದ್ಯದಲ್ಲಿ ಓಡುತ್ತದೆ, ದನಿ ಒರಟು, ಉಸಿರು ಉದ್ದ. ಅದು ಒಂದು ಕಡೆ ನಿಂತ ಕೂಡಲೇ ಕರಡೆ, ಸಂಬಾಳ ಎಂಬ ಚರ್ಮವಾದ್ಯಗಳು ಒಟ್ಟಿಗೆ ಸಿಡಿಯುತ್ತವೆ. ಒಡಪಿನ ಪ್ರತಿ ಮಾತು ಜನರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಸಿಡಿಯುತ್ತದೆ ಅನ್ನುವುದು ಮೈಗೆ ಗೊತ್ತು. ಕಾಲು ತಾನಾಗಿ ಏಳುತ್ತದೆ. ನಾವು ಅದನ್ನೇ ತೆಗೆದುಕೊಂಡೆವು: ಚರಣ ಪೂರ್ತಿ ಘರ್ಜನೆ, ಪಲ್ಲವಿಗೆ ಮುಂಚೆ ಒಂದು ಬಾರ್ ಪೂರ್ತಿ ಮೌನ, ಆಮೇಲೆ ಎಲ್ಲರೂ ಒಟ್ಟಿಗೆ. ಸಂಬಾಳದ ಸದ್ದು ರೆಕಾರ್ಡ್ ಮಾಡಿ ತುರುಕುವ ಯೋಚನೆ ಬಂದಿತ್ತು. ಬೇಡ ಅಂದೆ. ಅದು ನಂದಿಬೆಟ್ಟದ ರೆಸಾರ್ಟಿನಲ್ಲಿ ಎತ್ತಿನ ಗಾಡಿ ನಿಲ್ಲಿಸಿದ ಹಾಗೆ ಆಗುತ್ತಿತ್ತು.

ಅಲ್ಲಿಯವರೆಗೆ ನಮ್ಮ ಸಾಹಿತ್ಯ ಇಂಗ್ಲಿಷ್‌ನಲ್ಲಿತ್ತು. ಕನ್ನಡಕ್ಕೆ ಬಂದಾಗ ಎರಡು ತೊಂದರೆ. ಒಂದು, ಕನ್ನಡದ ಮಾತು ಸ್ವರದಲ್ಲಿ ಮುಗಿಯುತ್ತದೆ. ಘರ್ಜಿಸುವಾಗ ಆ, ಓ ಚೆನ್ನಾಗಿ ತೆರೆದುಕೊಳ್ಳುತ್ತವೆ. ಕೊನೆಗೆ ಇ, ಉ ಬಂದರೆ ಗಂಟಲು ಮುಚ್ಚಿ ಮಾತು ನುಂಗಿ ಹೋಗುತ್ತದೆ. ಹಾಗಾಗಿ ಸಾಲುಗಳ ಕೊನೆಯನ್ನು ಆರಿಸಿ ಆರಿಸಿ ಬರೆದೆವು. ‘ಬಂದಿತು’ ತೆಗೆದು ‘ಬಂದಾ’, ‘ಬೆಂಕಿ’ಯನ್ನು ಸಾಲಿನ ಮಧ್ಯಕ್ಕೆ ತಳ್ಳಿ ಕೊನೆಗೆ ‘ಕೆಂಡ’. ಒತ್ತಕ್ಷರಗಳು ಮಾತ್ರ ವರದಾನ. ಚಟ್ಟನೆ ಸಿಡಿಯುವ ಸ್ನೇರ್ ಡ್ರಮ್ ಜೊತೆ ಒಂದು ಒತ್ತಕ್ಷರ ಬಿದ್ದರೆ ಅದರ ಮುಂದೆ ಇಂಗ್ಲಿಷ್ ಯಾವ ಲೆಕ್ಕ?

ಎರಡನೆಯದು ಪ್ರಾಸ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕಿದ್ದು ಪುಕ್ಕಟೆಯ ಹಾಗೇ ಕೇಳಿಸುತ್ತದೆ. ನಮ್ಮ ಹಳೇ ಕವಿಗಳು ಪ್ರಾಸವನ್ನು ಸಾಲಿನ ಎರಡನೇ ಅಕ್ಷರದಲ್ಲಿ ಇಟ್ಟಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಸಾಲಿನ ಶುರುವಿನಲ್ಲೇ ಕಿವಿಗೆ ಕೊಕ್ಕೆ ಬೀಳುತ್ತದೆ, ಕೊನೆ ಹೇಗೆ ಬೇಕೋ ಹಾಗೆ ಮುಗಿಸಬಹುದು. ಮೆಟಲ್ ರಿಫ್‌ನ ಮೊದಲ ಹೊಡೆತಕ್ಕೆ ಅದು ಎಷ್ಟು ಸರಿಯಾಗಿ ಕೂರುತ್ತದೆ ಅಂದರೆ, ಶಾಲೆಯಲ್ಲಿ ಛಂದಸ್ಸಿನ ಕ್ಲಾಸಿನಲ್ಲಿ ನಿದ್ದೆ ಮಾಡಿದ್ದಕ್ಕೆ ಬೇಜಾರಾಯಿತು.

ಪಲ್ಲವಿ ಹಾಡುವವರು ಯಾರು? ನಮ್ಮ ಗಾಯಕನಿಗೆ ಘರ್ಜನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಬಾಸ್‌ನವನು ಊರ ದೇವಸ್ಥಾನದಲ್ಲಿ ಭಜನೆ ಹಾಡಿ ಬೆಳೆದವನು. ದನಿ ಚೆನ್ನಾಗಿತ್ತು, ಆದರೆ ಶ್ರುತಿ ಕೂಡಲಿಲ್ಲ. ನಾವು ಗಿಟಾರನ್ನು ‘ಡಿ’ ಸ್ವರಕ್ಕೆ ಇಳಿಸಿ ನುಡಿಸುತ್ತಿದ್ದೆವು, ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಎರಡು. ಅವನ ದನಿ ಬಿಳಿ ಒಂದರದು. ಮೇಲಿನ ಸ್ವರಕ್ಕೆ ಹೋದಾಗ ಒಡೆಯುತ್ತಿತ್ತು. ಅವನನ್ನು ಎರಡು ತಿಂಗಳು ಹಿಂಸೆ ಮಾಡಿದ ಮೇಲೆ ಬುದ್ಧಿ ಬಂತು: ಗಿಟಾರನ್ನೇ ‘ಸಿ’ಗೆ, ಅಂದರೆ ಬಿಳಿ ಒಂದಕ್ಕೆ, ಇಳಿಸಿದರೆ ಆಯಿತಲ್ಲ!

ಇಳಿಸಿದೆವು. ತಂತಿಗಳು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋತು ಬಿದ್ದವು. 10ರ ತಂತಿ ಸೆಟ್ ತೆಗೆದು ಇನ್ನೂ ದಪ್ಪದ 12ರ ಸೆಟ್ ಹಾಕಬೇಕಾಯಿತು. ದಪ್ಪ ತಂತಿ ಗಿಟಾರಿನ ಕತ್ತಿನ ತುದಿಯಲ್ಲಿ ತಂತಿ ಕೂರುವ ನಟ್‌ನ ಗೀರಿನಲ್ಲಿ ಕೂರದೆ ಹೊರಗೆ ಹಾರಿತು. ಸಣ್ಣ ಅರದಲ್ಲಿ ಉಜ್ಜಿ ಗೀರು ಅಗಲ ಮಾಡಿದೆ. ಎಳೆತ ಬದಲಾದ್ದರಿಂದ ಕತ್ತಿನ ಬಾಗು ಸರಿಪಡಿಸುವ ಒಳಗಿನ ಕಂಬಿ, ಟ್ರಸ್ ರಾಡ್, ತಿರುಗಿಸಿದೆ. ದಪ್ಪ ತಂತಿಗೆ ಬ್ರಿಡ್ಜ್‌ನ ಸ್ಯಾಡಲ್ (ತಂತಿಯ ಇನ್ನೊಂದು ತುದಿಯ ಆಸರೆ) ಹಿಂದೆ ಸರಿಸಿದ ಮೇಲೆ ಕತ್ತಿನ ಲೋಹದ ಪಟ್ಟಿಗಳಲ್ಲಿ 12ನೆಯದು, ಅಂದರೆ 12ನೇ ಫ್ರೆಟ್‌ನಲ್ಲಿ ಶ್ರುತಿ ಸರಿ ಬಂತು. ನಟ್ ಉಜ್ಜುವಾಗ ಒಂದು ಮಾತು ನೆನಪಿರಲಿ, ಅಗಲಕ್ಕೆ ಉಜ್ಜಿ, ಆಳಕ್ಕಲ್ಲ. ಆಳ ಹೋದರೆ ತಂತಿ ಫ್ರೆಟ್‌ಗೆ ತಾಗಿ ಜೇನುನೊಣದ ಹಾಗೆ ಗುಯ್‌ಗುಡುತ್ತದೆ. ನನ್ನ ಮೊದಲ ನಟ್ ಹಾಗೇ ಹಾಳಾಯಿತು.

ಎಲ್ಲ ಸರಿ ಹೋಯಿತು ಅಂತಲ್ಲ. 2015ರಲ್ಲಿ ಒಂದು ಹಾಡಿನಲ್ಲಿ ಹುಚ್ಚಾಗಿ ಹೋಗಿಬಿಟ್ಟೆವು. ಜೋಡಿ ಗಿಟಾರ್ ಪೂರ್ತಿ ತೆಗೆದು ಕೀಬೋರ್ಡ್ ಹಾಕಿ, ಪಲ್ಲವಿ ಆರು ಸಲ ತಿರುಗಿಸಿದೆವು. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ಆಯಿತು. ಆ ಹಾಡಿನ ಮೇಲೆ ಜಗಳವಾಗಿಯೇ ಇನ್ನೊಬ್ಬ ಗಿಟಾರಿಸ್ಟ್ ಬಿಟ್ಟು ಬೆಂಗಳೂರಿಗೆ ಹೋದ. ಈಗ ಅಲ್ಲಿ 220ರಲ್ಲಿ ನುಡಿಸುವ ಬ್ಯಾಂಡಿನಲ್ಲಿದ್ದಾನೆ. ಆ ಹಾಡಿನ ಮಟ್ಟಿಗೆ ಅವನು ಹೇಳಿದ್ದೇ ಸರಿ ಅಂತ ಫೋನ್ ಮಾಡಿ ಹೇಳಲು ನನಗೆ ಒಂದು ವರ್ಷ ಬೇಕಾಯಿತು. ನಾವು ಕಿತ್ತು ಹಾಕಬೇಕಿದ್ದದ್ದು ನೆನಪಿನಲ್ಲಿ ಉಳಿಯದ ರಿಫ್‌ಗಳನ್ನು, ಜೋಡಿ ಗಿಟಾರನ್ನಲ್ಲ. ಆಮೇಲೆ ಹೊಸಬನೊಬ್ಬನನ್ನು ಸೇರಿಸಿಕೊಂಡು ಜೋಡಿ ಎಳೆಯನ್ನು ಪಲ್ಲವಿಯ ಹಿಂದೆ, ಒಂದೇ ಕಡೆ, ವಾಪಸ್ ತಂದೆವು. ಹಾಡಿನ ಉದ್ದಕ್ಕೂ ಇದ್ದಾಗ ಯಾರ ಕಿವಿಗೂ ಬೀಳದಿದ್ದದ್ದು ಈಗ ಎಲ್ಲರಿಗೂ ಕೇಳಿಸುತ್ತದೆ.

ಹಾಸನಕ್ಕೆ ಮತ್ತೆ ಹೋದೆವು, ಬೇರೆ ಕಾಲೇಜು, ಅದೇ ಥರದ ಸೌಂಡ್ ಸಿಸ್ಟಂ. ಎರಡನೇ ಪಲ್ಲವಿಗೆ ಮುಂದಿನ ಸಾಲಿನವರು ಆ ಮೌನದ ಬಾರ್‌ನಲ್ಲಿ ಕೈ ಎತ್ತಿ ಕಾದರು. ಮೂರನೆಯದಕ್ಕೆ ಹಾಡಿದರು, ತಪ್ಪು ತಪ್ಪಾಗಿ. ಸಾಮಾನು ಪಿಕಪ್‌ಗೆ ತುಂಬುವಾಗ ಅಣ್ಣನನ್ನು ಕೇಳಿದೆ, “ಹೆಂಗಿತ್ತಣ್ಣಾ? ಈಗ ಮೂರು ಸಲ ನುಡಿಸ್ತೀವಿ ನೋಡು.”

ಅವನು ಹಗ್ಗ ಬಿಗಿಯುತ್ತಾ, “ಚೆನ್ನಾಗಿತ್ತು ಕಣಪ್ಪ,” ಅಂದ. “ಕೊನೇದು ಒಂಚೂರು ಎಳೆದ್ರಿ.”

ಮುಂದಿನ ವಾರ ಕೊನೆಯ ಪಲ್ಲವಿಯಲ್ಲಿ 4 ಬಾರ್ ಕಡಿಮೆ ಮಾಡಿದೆವು.