ಅಂಧ ವಿದ್ಯಾರ್ಥಿಗೆ ಪಠ್ಯಪುಸ್ತಕ: ಕಾಲೇಜು ಲೈಬ್ರರಿಯಿಂದ ಪಡೆಯುವುದು ಹೇಗೆ?

ಬಿ.ಎ., ಬಿ.ಕಾಂ. ಓದುವ ಅಂಧ ವಿದ್ಯಾರ್ಥಿಗೆ ಪಠ್ಯ ತಲುಪುವುದು ಬಹಳ ಸಲ ಪರೀಕ್ಷೆ ಹತ್ತಿರ ಬಂದಾಗ. ಅದೂ ಗೆಳೆಯರು ಬಿಡುವು ಮಾಡಿಕೊಂಡು ಓದಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೀಗಾಗಬೇಕಾದ ಅಗತ್ಯವೇ ಇಲ್ಲ. ಕಾಲೇಜಿನಲ್ಲಿ ಒಂದು ಸ್ಕ್ಯಾನರ್, ಒಂದು ಕಂಪ್ಯೂಟರ್, ಮನಸ್ಸು ಮಾಡುವ ಲೈಬ್ರೇರಿಯನ್ ಇದ್ದರೆ ಸೆಮಿಸ್ಟರ್ ಶುರುವಾಗುವ ಹೊತ್ತಿಗೇ ಪುಸ್ತಕ ಕೇಳಲು ಸಿದ್ಧವಾಗಿರುತ್ತದೆ.

ಮೊದಲು ಕಾಗದಪತ್ರ

ಅಂಗವೈಕಲ್ಯದ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಕೈಯಲ್ಲಿರಲಿ. ಇನ್ನೂ ಮಾಡಿಸಿಲ್ಲವಾದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂ ಅವರನ್ನು ವಿಚಾರಿಸಿ, ದಾರಿ ತೋರಿಸುತ್ತಾರೆ. ಕಾಲೇಜಿಗೆ ಸೇರಿದ ವಾರದಲ್ಲೇ ಲೈಬ್ರೇರಿಯನ್ ಅವರನ್ನು ಕಂಡು ಮಾತಾಡಿ. "ಸರ್, ನನಗೆ ಸಹಾಯ ಮಾಡಿ" ಎಂದಷ್ಟೇ ಹೇಳಿದರೆ ಅವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. "ಈ ನಾಲ್ಕು ಪುಸ್ತಕ ನನಗೆ ಯೂನಿಕೋಡ್‌ನಲ್ಲಿ ಬೇಕು, ಮೊದಲ ಘಟಕ ಮೊದಲು ಬೇಕು" ಎಂದು ಪಟ್ಟಿ ಕೊಡಿ. (ಯೂನಿಕೋಡ್ ಎಂದರೆ ಕನ್ನಡ ಅಕ್ಷರವನ್ನು ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ವಿಧಾನ.) ಪಟ್ಟಿಗಾಗಿ ಆಯಾ ವಿಷಯದ ಅಧ್ಯಾಪಕರನ್ನೇ ಕೇಳಿ. ಪರಾಮರ್ಶನಕ್ಕೆಂದು ಹತ್ತು ಪುಸ್ತಕ ಹೇಳಿದರೂ ತರಗತಿಯಲ್ಲಿ ನಿಜಕ್ಕೂ ಬಳಸುವುದು ಯಾವುದೆಂದು ಅವರಿಗೆ ಗೊತ್ತಿರುತ್ತದೆ.

ಈಗಾಗಲೇ ಇದೆಯೇ ನೋಡಿ

ಸ್ಕ್ಯಾನ್ ಮಾಡಲು ಕೂರುವ ಮುನ್ನ 'ಸುಗಮ್ಯ ಪುಸ್ತಕಾಲಯ'ದಲ್ಲಿ ಹುಡುಕಿ. 2016ರಲ್ಲಿ ಶುರುವಾದ ಈ ಆನ್‌ಲೈನ್ ಗ್ರಂಥಾಲಯವನ್ನು ಮುದ್ರಿತ ಪುಸ್ತಕ ಓದಲಾಗದವರಿಗಾಗಿಯೇ ಕಟ್ಟಲಾಗಿದೆ. ಅಂಗವೈಕಲ್ಯದ ದಾಖಲೆ ಕೊಟ್ಟು ಸದಸ್ಯರಾಗಬಹುದು. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆಯ ಧ್ವನಿ ಪುಸ್ತಕಗಳ ಸಂಗ್ರಹವನ್ನೂ ಕೇಳಿ ನೋಡಿ. ಪುಸ್ತಕ ವಿಶ್ವವಿದ್ಯಾಲಯದ ಪ್ರಸಾರಾಂಗದ್ದಾಗಿದ್ದರೆ (ಪ್ರಕಟಣಾ ವಿಭಾಗ) ಲೈಬ್ರೇರಿಯನ್ ಮೂಲಕ ಪತ್ರ ಬರೆಸಿ ಸಾಫ್ಟ್ ಕಾಪಿ ಕೇಳುವುದು ಒಳ್ಳೆಯದು. ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಯಾಕೆ ಬಾಕಿ ಎಂದರೆ, 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ದೆಸೆಯಿಂದ.

ನುಡಿ ಫೈಲು ಓದುವುದಿಲ್ಲ

ಕನ್ನಡದಲ್ಲಿ ಓದುವವರ ದೊಡ್ಡ ತೊಡಕು ಇದು. ಎಷ್ಟೋ ಕನ್ನಡ ಪುಸ್ತಕ, ನೋಟ್ಸುಗಳ ಡಿಟಿಪಿ ಆಗಿರುವುದು 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ. ಕಣ್ಣಿಗೆ ಅದು ಚೊಕ್ಕ ಕನ್ನಡ. ಕಂಪ್ಯೂಟರಿಗೆ ಅಲ್ಲ. ನುಡಿಯಲ್ಲಿ 'ಕನ್ನಡ' ಎಂಬ ಪದ ಒಳಗೊಳಗೆ ಇಂಗ್ಲಿಷಿನ ಪಿ, ಪೌಂಡ್ ಚಿಹ್ನೆ, ಕ್ಯೂ ಇತ್ಯಾದಿಯಾಗಿ ಕೂತಿರುತ್ತದೆ. ಪರದೆಯ ಮೇಲಿನ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಅದನ್ನೇ ಓದುತ್ತದೆ; ವಿದ್ಯಾರ್ಥಿಯ ಕಿವಿಗೆ ಬೀಳುವುದು ಅರ್ಥವಿಲ್ಲದ ಸದ್ದು. "ಪಿಡಿಎಫ್ ಕೊಟ್ಟಿದ್ದೇವಲ್ಲ" ಎಂದು ಅಧ್ಯಾಪಕರು ನೊಂದುಕೊಳ್ಳುವುದೂ, "ಓದುವುದಿಲ್ಲ ಮೇಡಂ" ಎಂದು ಹುಡುಗ ಸಂಕೋಚದಿಂದ ಹೇಳುವುದೂ ಇದರಿಂದಲೇ.

ಪರೀಕ್ಷಿಸುವುದು ಸುಲಭ. ಫೈಲಿನಿಂದ ಒಂದು ಸಾಲು ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಕಂಡರೆ ಯೂನಿಕೋಡ್. ಚಿತ್ರವಿಚಿತ್ರ ಚಿಹ್ನೆ ಬಂದರೆ ಆಸ್ಕಿ. ಉಚಿತ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ. ಸಾಲು ಆಯ್ಕೆಯೇ ಆಗದಿದ್ದರೆ ಅದು ಬರೀ ಚಿತ್ರ, ಒಸಿಆರ್ ಬೇಕು, ಅಂದರೆ ಚಿತ್ರದಲ್ಲಿರುವ ಅಕ್ಷರವನ್ನು ಪಠ್ಯವಾಗಿಸಬೇಕು. ಇನ್ನು ಹೊಸದಾಗಿ ಟೈಪ್ ಮಾಡುವ ನೋಟ್ಸನ್ನಾದರೂ ಯೂನಿಕೋಡ್‌ನಲ್ಲೇ ಮಾಡಿ ಎಂದು ಅಧ್ಯಾಪಕರಲ್ಲಿ ಕೈಮುಗಿದು ಕೇಳುತ್ತೇನೆ.

ಸ್ಕ್ಯಾನ್, ಒಸಿಆರ್, ತಿದ್ದುಪಡಿ

ಪುಟಗಳನ್ನು 300 ಡಿಪಿಐಯಲ್ಲಿ ನೇರವಾಗಿ, ನೆರಳು ಬೀಳದಂತೆ ಸ್ಕ್ಯಾನ್ ಮಾಡಿ. ಅಧ್ಯಾಯಕ್ಕೊಂದು ಫೈಲ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದಲ್ಲಿರುವ ಕನ್ನಡ ಪಠ್ಯವಾಗಿ ಬರುತ್ತದೆ. ಅಷ್ಟಕ್ಕೇ ಕೊಟ್ಟುಬಿಡಬೇಡಿ. ದ–ಧ, ಪ–ಫ ಅದಲುಬದಲಾಗುತ್ತವೆ, ಒತ್ತಕ್ಷರ ಬಿಟ್ಟುಹೋಗುತ್ತದೆ, ಅಂಕಿಯ ಸೊನ್ನೆ ಇದ್ದಲ್ಲಿ ಅನುಸ್ವಾರ ಕೂರುತ್ತದೆ. ಪ್ರತಿ ಪುಟದ ತಲೆಯಲ್ಲಿರುವ ಪುಸ್ತಕದ ಹೆಸರು ವಾಕ್ಯದ ನಡುವೆ ಬಂದು ತೂರಿಕೊಳ್ಳುತ್ತದೆ. ಒಬ್ಬರು ಮೂಲದೊಡನೆ ಹೋಲಿಸಿ ತಿದ್ದಲೇಬೇಕು. ಎನ್‌ಎಸ್‌ಎಸ್ ಹುಡುಗರಿಗೆ ಇದಕ್ಕಿಂತ ಉಪಯೋಗದ ಕೆಲಸ ನನಗಂತೂ ತೋಚುವುದಿಲ್ಲ.

ಅಧ್ಯಾಯದ ಹೆಸರುಗಳಿಗೆ ಬರೀ ದಪ್ಪ ಅಕ್ಷರ ಸಾಲದು, ಹೆಡಿಂಗ್ ಸ್ಟೈಲ್ ಕೊಡಿ. ಆಗ ವಿದ್ಯಾರ್ಥಿ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ನೇರ ಹೋಗಬಹುದು. ಚಿತ್ರ, ನಕ್ಷೆ ಇದ್ದಲ್ಲಿ ಏನಿದೆ ಎಂದು ಎರಡು ಸಾಲು ಬರೆಯಿರಿ. ಕೊನೆಗೆ ಎನ್‌ವಿಡಿಎ ಹಾಕಿ ಒಂದು ಪುಟ ಕೇಳಿ ನೋಡಿ. ಇದು ಉಚಿತ ಸ್ಕ್ರೀನ್ ರೀಡರ್, ಕನ್ನಡ ಓದುತ್ತದೆ. ಆಂಡ್ರಾಯ್ಡ್ ಮೊಬೈಲಿನಲ್ಲಾದರೆ ಅದರಲ್ಲೇ ಇರುವ ಟಾಕ್‌ಬ್ಯಾಕ್.

ಹಳಗನ್ನಡ ಪದ್ಯಭಾಗವನ್ನು ಮಾತ್ರ ಯಂತ್ರಕ್ಕೆ ಬಿಡಬೇಡಿ. ಪದ ಎಲ್ಲಿ ಬಿಡಿಸಬೇಕು, ಉಸಿರು ಎಲ್ಲಿ ನಿಲ್ಲಬೇಕು ಎಂಬುದು ಅದಕ್ಕೆ ತಿಳಿಯದು. ಕನ್ನಡ ಮೇಷ್ಟ್ರು ಗಮಕದಂತೆ ಒಮ್ಮೆ, ಬಿಡಿಸಿ ಒಮ್ಮೆ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಟ್ಟರೆ ಸಾಕು.

ಕಾನೂನಿನ ಭಯ ಬೇಡ

"ಇಡೀ ಪುಸ್ತಕ ಸ್ಕ್ಯಾನ್ ಮಾಡಿದರೆ ಕಾಪಿರೈಟ್ ತೊಂದರೆ ಆಗುವುದಿಲ್ಲವೇ?" ಎಂದು ಲೈಬ್ರೇರಿಯನ್ನರು ಹಿಂಜರಿಯುವುದು ಸಹಜ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ಇದಕ್ಕೆ ಅವಕಾಶ ಕೊಟ್ಟಿದೆ. ಅಂಗವೈಕಲ್ಯವುಳ್ಳವರ ಓದಿಗಾಗಿ, ಲಾಭವಿಲ್ಲದೆ, ಅವರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ಮಾರ್ಪಡಿಸಬಹುದು. ಷರತ್ತು ಇಷ್ಟೇ: ಫೈಲು ಅವರ ಬಳಕೆಗೇ ಉಳಿಯಬೇಕು, ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹರಿದಾಡಬಾರದು. ಸಿದ್ಧವಾದ ಫೈಲನ್ನು ಲೈಬ್ರರಿ ಕಂಪ್ಯೂಟರಿನಲ್ಲಿ ಪುಸ್ತಕದ ಹೆಸರಿನಲ್ಲೇ ಕಾಪಾಡಿ; ಮುಂದಿನ ವರ್ಷ ಬರುವ ಅಂಧ ವಿದ್ಯಾರ್ಥಿಗೆ ಮತ್ತೆ ಮೊದಲಿನಿಂದ ಶುರುಮಾಡಬೇಕಿಲ್ಲ.

ಗಾಲಿಕುರ್ಚಿಯಲ್ಲಿ ಬರುವವರಿಗೆ ಬೇರೆ ಅಡ್ಡಿ: ಲೈಬ್ರರಿ ಮಹಡಿ ಮೇಲಿರುತ್ತದೆ. ಲಿಫ್ಟ್ ಕಟ್ಟಿಸುವವರೆಗೆ ಕಾಯದೆ, ಕೇಳಿದ ಪುಸ್ತಕವನ್ನು ಕೆಳಗೆ ತಂದುಕೊಡುವ ವ್ಯವಸ್ಥೆಯನ್ನು ಇಂದೇ ಮಾಡಬಹುದು. ಕಾಲೇಜುಗಳಿಗೆ ಇ-ಪುಸ್ತಕ ಒದಗಿಸುವ ಎನ್-ಲಿಸ್ಟ್ ಯೋಜನೆಯ ಸದಸ್ಯತ್ವ ನಿಮ್ಮ ಕಾಲೇಜಿಗೆ ಇದ್ದರೆ ಲಾಗಿನ್ ಕೇಳಿ ಪಡೆಯಿರಿ, ಇ-ಪುಸ್ತಕಗಳನ್ನು ಮನೆಯಲ್ಲೇ ತೆರೆಯಬಹುದು.

ಆಗುವುದಿಲ್ಲ ಎಂದರೆ

ಲೈಬ್ರರಿಯಲ್ಲಿ ಕೆಲಸ ಆಗದಿದ್ದರೆ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಡಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೇ ಕಲಂ ಪ್ರಕಾರ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆಗಳು ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಸೌಕರ್ಯ ಒದಗಿಸಬೇಕು. ಅರ್ಜಿಯಲ್ಲಿ ಇದನ್ನು ಹೆಸರಿಸಿ. ಉತ್ತರ ಬರದಿದ್ದರೆ ರಾಜ್ಯದ ಅಂಗವಿಕಲ ವ್ಯಕ್ತಿಗಳ ಅಧಿನಿಯಮದ ಆಯುಕ್ತರಿಗೆ ದೂರು ಸಲ್ಲಿಸಬಹುದು. ಬೇಕಾದ ಪುಸ್ತಕಗಳ ಪಟ್ಟಿ, ಕೇಳಿದ ದಿನಾಂಕ ಎರಡನ್ನೂ ಅರ್ಜಿಯಲ್ಲಿ ಬರೆಯಿರಿ. ನಿಮ್ಮ ಬಳಿ ಉಳಿಯುವ ಪ್ರತಿಗೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.