ಪ್ರೊಫೈಲರ್ ನಂಬಿ ಮೂರು ದಿನ ಹಾಳು ಮಾಡಿಕೊಂಡ ಕಥೆ

16 ಪ್ರೋಸೆಸ್‌ಗಳಲ್ಲಿ ಚೆನ್ನಾಗಿ ಓಡುತ್ತಿದ್ದ ನನ್ನ ಎಂಪಿಐ ಪ್ರೋಗ್ರಾಂ (ಒಂದೇ ಕೆಲಸವನ್ನು ಹಲವು ಪ್ರೋಸೆಸ್‌ಗಳು ಹಂಚಿಕೊಂಡು, ಒಂದಕ್ಕೊಂದು ಮೆಸೇಜ್ ಕಳಿಸುತ್ತಾ ಮಾಡುವಂಥದ್ದು) 64ಕ್ಕೆ ಏರಿಸಿದರೂ ವೇಗ ಹೆಚ್ಚುಕಮ್ಮಿ ಅಷ್ಟೇ ಇತ್ತು. ಆಮ್ಡಾಲ್ ನಿಯಮದ ಮೇಲೆ ಹಾಕಿ ಸುಮ್ಮನಾಗೋಣ ಅನ್ನಿಸಿತು. ಹಂಚಲಾಗದ ಕೆಲಸ ಶೇ 5 ಇದ್ದರೆ ಎಷ್ಟೇ ಕೋರ್ ಸುರಿದರೂ 20 ಪಟ್ಟು ದಾಟಲ್ಲ, ಅಲ್ವಾ? ಆದರೆ ನನ್ನ ಕೋಡಿನಲ್ಲಿ ಅಂಥ ಭಾಗ ಅಷ್ಟಿರಲಿಲ್ಲ.

ಸರಿ, ಪ್ರತಿ ಫಂಕ್ಷನ್ ಶುರುವಾದಾಗ, ಮುಗಿದಾಗ ಸಮಯ ಬರೆದಿಡುವ ಪ್ರೊಫೈಲರ್ ಹಾಕಿದೆ. ಎರಡು ಕಣಗಳ ನಡುವಿನ ದೂರ ಲೆಕ್ಕ ಹಾಕುವ ನಾಲ್ಕೇ ಸಾಲಿನ ಫಂಕ್ಷನ್ ಅರ್ಧ ಸಮಯ ನುಂಗುತ್ತಿದೆ ಅಂತ ರಿಪೋರ್ಟ್ ಬಂತು. ಮೂರು ದಿನ ಅದನ್ನೇ ತಿಕ್ಕಿ ತೀಡಿದೆ. ಪ್ರೊಫೈಲರ್ ತೆಗೆದು ಓಡಿಸಿದರೆ ಒಂದು ಸೆಕೆಂಡೂ ಉಳಿತಾಯವಾಗಿರಲಿಲ್ಲ! ಆ ಫಂಕ್ಷನ್ ಕೋಟಿಗಟ್ಟಲೆ ಸಲ ಓಡುತ್ತೆ, ಒಂದೊಂದು ಸಲಕ್ಕೆ ಕೆಲವೇ ನ್ಯಾನೊಸೆಕೆಂಡು ಸಾಕು, ಅದನ್ನು ಬರೆದಿಡೋದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತಿತ್ತು, ಸಾಲದ್ದಕ್ಕೆ ಕಂಪೈಲರ್ ಅದನ್ನು ಇನ್‌ಲೈನ್ ಮಾಡೋದನ್ನೂ (ಕರೆಯುವ ಜಾಗದಲ್ಲೇ ಫಂಕ್ಷನ್ನಿನ ಕೋಡ್ ಸೇರಿಸಿ ಕರೆಯ ಖರ್ಚು ಉಳಿಸೋದನ್ನೂ) ಈ ಅಳತೆಯೇ ತಪ್ಪಿಸಿತ್ತು. ಅಂದರೆ ನಾನು ಅಳೆದದ್ದು ಪ್ರೊಫೈಲರನ್ನೇ.

ಆಮೇಲೆ ಲಿನಕ್ಸ್‌ನ ಪರ್ಫ್ ಅನ್ನೋ ಪ್ರೊಫೈಲರ್‌ಗೆ ಬಂದೆ. ಅದು ಆಗಾಗ ಇಣುಕಿ ನೋಡುತ್ತೆ ಅಷ್ಟೇ, ಭಾರ ಕಡಿಮೆ. ಹೆಚ್ಚಿನ ಸಮಯ ಆಲ್‌ರಿಡ್ಯೂಸ್ ಒಳಗೆ, ಅಂದರೆ ಎಲ್ಲ ಪ್ರೋಸೆಸ್‌ಗಳ ಲೆಕ್ಕವನ್ನು ಕೂಡಿಸಿ ಎಲ್ಲಕ್ಕೂ ಕೊಡುವ ಎಂಪಿಐ ಕರೆಯೊಳಗೆ, ಹೋಗುತ್ತಿತ್ತು. ಕೋರ್‌ಗಳು ಎಷ್ಟು ದುಡಿಯುತ್ತಿವೆ ಅಂತ ತೋರಿಸುವ ಟಾಪ್ ಕಮಾಂಡಿನಲ್ಲಿ ನೋಡಿದರೆ ಎಲ್ಲ ಕೋರೂ ಶೇ 100. ಬಹಳಷ್ಟು ಎಂಪಿಐ ಲೈಬ್ರರಿಗಳು ಕಾಯುವಾಗಲೂ ಲೂಪಿನಲ್ಲಿ ಸುತ್ತುತ್ತಲೇ ಇರುತ್ತವೆ, ಹಾಗಾಗಿ ಕಾಯೋದೂ ದುಡಿದ ಹಾಗೇ ಕಾಣುತ್ತೆ.

ಯಾರಿಗಾಗಿ ಕಾಯುತ್ತಿವೆ? ಸ್ಕೋರ್-ಪಿ ಅನ್ನೋ ಟೂಲಿನಲ್ಲಿ ಎಂಪಿಐ ಕರೆಗಳನ್ನಷ್ಟೇ ದಾಖಲಿಸಿ, ಆ ದಾಖಲೆಯನ್ನು (ಟ್ರೇಸ್) ಒಂದೊಂದು ಪ್ರೋಸೆಸ್‌ಗೆ ಒಂದೊಂದು ಪಟ್ಟಿಯಾಗಿ ತೋರಿಸುವ ವಾಂಪಿರ್‌ನಲ್ಲಿ ತೆರೆದೆ. ಪರದೆ ತುಂಬ 63 ಪಟ್ಟಿಗಳು ಸುಮ್ನೆ ಕೂತಿವೆ, ಒಂದೇ ಒಂದು ಇನ್ನೂ ಲೆಕ್ಕ ಮಾಡುತ್ತಿದೆ. ಅದಕ್ಕೆ ಕಣಗಳು ವಿಪರೀತ ಹಂಚಿಕೆಯಾಗಿದ್ದವು. ಹಂಚಿಕೆ ಸರಿ ಮಾಡೋಕೆ ಬೇಕಾದದ್ದು ಹತ್ತು ಸಾಲು. (ಅದೇ ಟ್ರೇಸಿನಲ್ಲಿ ಕೆಲವು ಮೆಸೇಜುಗಳು ಕಳಿಸುವ ಮೊದಲೇ ತಲುಪಿದ್ದವು! ನೋಡ್‌ಗಳ, ಅಂದರೆ ಪ್ರೋಗ್ರಾಂ ಓಡುವ ಬೇರೆಬೇರೆ ಕಂಪ್ಯೂಟರ್‌ಗಳ, ಗಡಿಯಾರ ಒಂದಕ್ಕೊಂದು ಹೊಂದದಿದ್ದರೆ ಹೀಗಾಗುತ್ತೆ.)

ಈಗ ಯಾವ ಟೂಲ್ ಸಿಕ್ಕರೂ ಮೊದಲು ಉತ್ತರ ಗೊತ್ತಿರೋ ಪ್ರೋಗ್ರಾಂ ಕೊಡುತ್ತೇನೆ. 3ನೇ ಪ್ರೋಸೆಸ್‌ಗೆ ಬೇಕಂತಲೇ ದುಪ್ಪಟ್ಟು ಕೆಲಸ ಹೇರಿ, ಟೂಲ್ ಅದರತ್ತಲೇ ಬೆರಳು ತೋರಿಸುತ್ತದೆಯೇ ಅಂತ ನೋಡುತ್ತೇನೆ. ಟೂಲ್ ಇದ್ದಾಗ, ಇಲ್ಲದಾಗ ಒಟ್ಟು ಸಮಯ ಎಷ್ಟು ಅಂತಲೂ ಬರೆದಿಡುತ್ತೇನೆ, ವ್ಯತ್ಯಾಸ ಜಾಸ್ತಿ ಇದ್ದರೆ ಆ ರಿಪೋರ್ಟ್ ಓದುವುದೇ ಇಲ್ಲ. ಮೊದಲಿನ ಪ್ರೊಫೈಲರ್‌ಗೂ ಇದೇ ಪರೀಕ್ಷೆ ಕೊಟ್ಟೆ. ಚಿಕ್ಕ ಫಂಕ್ಷನ್‌ಗಳನ್ನು ಫಿಲ್ಟರ್ ಮಾಡಿದ ಮೇಲೆ, ಪಾಪ, ಸರಿಯಾಗೇ 3 ಅಂದಿತು.